ಒಬ್ಬರ ಮೀಟರಲ್ಲಿ 14.5 ವೋಲ್ಟ್, ಇನ್ನೊಬ್ಬರ ಮೀಟರಲ್ಲಿ 12.5: ಹೇಮಾವತಿ ಹಿನ್ನೀರಿನ ಒಂದು ದೋಣಿ ಇಂಜಿನ್ ಪ್ರಕರಣ

ಹಾಸನದಲ್ಲಿ ನನ್ನದು ಆಟೋ ಎಲೆಕ್ಟ್ರಿಕಲ್ ಕೆಲಸ. ಬೈಕು, ಟ್ರ್ಯಾಕ್ಟರು, ಪವರ್ ಟಿಲ್ಲರು, ಅಪರೂಪಕ್ಕೆ ಜನರೇಟರು. ದೋಣಿಯ ಇಂಜಿನ್‌ಗೆ ಕೈ ಹಾಕಿದ್ದು ಇದೇ ಮೊದಲು. ಮೂರು ತಿಂಗಳು ಮೂರು ನಾಲ್ಕು ಜನರ ತಲೆ ತಿಂದ ಕೇಸು ಇದು. ಅದರಲ್ಲಿ ನಾನು ಕೊಟ್ಟ ಒಂದು ತಪ್ಪು ತೀರ್ಪೂ ಇದೆ. ಅದೇ ತಪ್ಪು ಬೈಕಿನಲ್ಲೂ ಟ್ರ್ಯಾಕ್ಟರಿನಲ್ಲೂ ದಿನಾ ನಡೀತಾ ಇರುತ್ತದೆ, ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ. ದೋಣಿ ಯಾರದು, ಯಾವ ದಡದ್ದು ಅನ್ನುವುದನ್ನೆಲ್ಲ ಬಿಟ್ಟಿದ್ದೇನೆ. ರೀಡಿಂಗ್‌ಗಳು ಮಾತ್ರ ಡೈರಿಯಲ್ಲಿ ಬರೆದುಕೊಂಡ ಹಾಗೇ ಇವೆ.

ಹೇಮಾವತಿ ನದಿಗೆ ಕಟ್ಟಿದ ಗೊರೂರು ಅಣೆಕಟ್ಟಿನ ಹಿನ್ನೀರು ಹಾಸನದವರಿಗೆಲ್ಲ ಗೊತ್ತು. ಶೆಟ್ಟಿಹಳ್ಳಿಯ ಹಳೇ ಚರ್ಚು ಮಳೆಗಾಲದಲ್ಲಿ ನೀರಲ್ಲಿ ನಿಂತು, ಬೇಸಿಗೆಯಲ್ಲಿ ಬುಡ ಸಮೇತ ಕಾಣುವುದು ಇಲ್ಲೇ. ಆ ನೀರಿನ ಒಂದು ಮೂಲೆಯಲ್ಲಿ ಹೋಂಸ್ಟೇ ಒಂದಿದೆ. ಅವರ ಹತ್ತಿರ ಒಂದು ಫೈಬರ್ ದೋಣಿ, ಅದಕ್ಕೆ 15 ಎಚ್‌ಪಿಯ ಫೋರ್ ಸ್ಟ್ರೋಕ್ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ತಗುಲಿಸುವ ಇಂಜಿನ್. ಕರಾವಳಿಯಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಬಟನ್ ಸ್ಟಾರ್ಟ್ ಇದೆ, ತುರ್ತಿಗೆ ಹಗ್ಗ ಎಳೆದೂ ಸ್ಟಾರ್ಟ್ ಮಾಡಬಹುದು. ಬ್ಯಾಟರಿ 35 ಆಂಪಿಯರ್ ಅವರ್, ಅಂದರೆ ಒಂದು ಆಂಪಿಯರ್ ಎಳೆದರೆ ಸುಮಾರು 35 ಗಂಟೆ ಬರುವಷ್ಟು. ಅದರ ಮೇಲೆ ಎರಡು ಎಲ್‌ಇಡಿ ಲೈಟು, ತಳದ ನೀರು ಹೊರಹಾಕುವ ಸಣ್ಣ ಪಂಪು, ಒಂದು ಮೊಬೈಲ್ ಚಾರ್ಜರ್. ದೋಣಿ ಓಡುವುದು ಹೆಚ್ಚಾಗಿ ಶನಿವಾರ, ಭಾನುವಾರ. ನಡೆಸುವವನು ಇಪ್ಪತ್ತೆರಡರ ಹುಡುಗ. ಇಂಜಿನ್ನನ್ನು ಎತ್ತಿನ ಹಾಗೆ ನೋಡಿಕೊಳ್ಳುತ್ತಾನೆ.

ಒಳಗಿನ ವ್ಯವಸ್ಥೆ ನಮ್ಮ ಬೈಕಿನದ್ದೇ. ಫ್ಲೈವೀಲ್ ಒಳಗೆ ಮ್ಯಾಗ್ನೆಟ್ ಸುತ್ತುತ್ತದೆ, ಅದರ ಕೆಳಗೆ ಕಾಯಿಲ್ ಪ್ಲೇಟು ಕೂತಿದೆ. ಕಾಯಿಲ್‌ನಿಂದ ಎರಡು ವೈರಲ್ಲಿ ಎಸಿ ಕರೆಂಟು ಹೊರಡುತ್ತದೆ. ರೆಕ್ಟಿಫೈಯರ್ ರೆಗ್ಯುಲೇಟರ್, ನಾವು ಆರ್‌ಆರ್ ಯೂನಿಟ್ ಅನ್ನುತ್ತೇವಲ್ಲ, ಅದು ಎಸಿಯನ್ನು ಡಿಸಿ ಮಾಡಿ, ಸುಮಾರು 14.5 ವೋಲ್ಟಿನ ಮೇಲೆ ಹೋಗದ ಹಾಗೆ ತಡೆದು, ಒಂದು ಫ್ಯೂಸ್ ಮೂಲಕ ಸ್ಟಾರ್ಟರ್ ರಿಲೇಯ (ಬಟನ್ ಒತ್ತಿದಾಗ ಸ್ಟಾರ್ಟರ್‌ಗೆ ಕರೆಂಟು ಬಿಡುವ ಸ್ವಿಚ್ಚು) ಬ್ಯಾಟರಿ ಬೋಲ್ಟಿಗೆ ಕೊಡುತ್ತದೆ. ಅಲ್ಲಿಂದ ದಪ್ಪ ಕೇಬಲ್ಲು ನೇರ ಬ್ಯಾಟರಿಗೆ. ಮ್ಯಾನುಯಲ್ ಪ್ರಕಾರ ಪೂರ್ತಿ ವೇಗದಲ್ಲಿ 10 ಆಂಪಿಯರ್ ಬರಬೇಕು. ಇಗ್ನಿಷನ್‌ಗೆ ಬೇರೆ ಕಾಯಿಲ್ ಇದೆ. ಹಾಗಾಗಿ ಬ್ಯಾಟರಿ ಸತ್ತಿದ್ದರೂ ಹಗ್ಗ ಎಳೆದರೆ ಇಂಜಿನ್ ಓಡುತ್ತದೆ. ಇದು ಒಳ್ಳೆಯದೇ, ಆದರೆ ಚಾರ್ಜಿಂಗ್ ನಿಂತು ತಿಂಗಳಾದರೂ ಯಾರಿಗೂ ಗೊತ್ತಾಗುವುದಿಲ್ಲ.

ತೊಂದರೆ ಶುರುವಾದದ್ದು ಡಿಸೆಂಬರ್‌ನಲ್ಲಿ. ಬೆಳಗ್ಗೆ ಬಟನ್ ಒತ್ತಿದರೆ ಟಕ್ ಅಂತ ಸದ್ದು, ಸ್ಟಾರ್ಟರ್ ತಿರುಗುವುದಿಲ್ಲ. ಬ್ಯಾಟರಿಗೆ ಮೂರು ವರ್ಷ ಆಗಿತ್ತು, ಮಾಲೀಕರು ಹೊಸದು ಹಾಕಿಸಿದರು. ಯಾರಾದರೂ ಅದನ್ನೇ ಮಾಡುತ್ತಿದ್ದರು. ಮೂರು ವಾರ ಎಲ್ಲ ಸರಿಹೋಯಿತು. ಆಮೇಲೆ ಮತ್ತೆ ಟಕ್.

ಆ ಮೂರು ವಾರವೇ ಎಲ್ಲರನ್ನೂ ದಾರಿ ತಪ್ಪಿಸಿದ್ದು. ಹೊಸ ಬ್ಯಾಟರಿ ಅಂಗಡಿಯಿಂದ ತುಂಬಿಕೊಂಡೇ ಬರುತ್ತದೆ. ಅದರಲ್ಲಿರುವುದನ್ನು ಖಾಲಿ ಮಾಡುವಷ್ಟು ದಿನ ಚಾರ್ಜಿಂಗ್ ಇಲ್ಲದಿದ್ದರೂ ನಡೆಯುತ್ತದೆ. ಆಮೇಲೆ ನಾನು ಲೆಕ್ಕ ಹಾಕಿ ನೋಡಿದೆ. ಪಂಪು ಎರಡೂವರೆ ಆಂಪಿಯರ್, ದಿನಕ್ಕೆ ಅರ್ಧ ಗಂಟೆ. ಲೈಟು ಎರಡೂ ಸೇರಿ 1.6 ಆಂಪಿಯರ್, ಸಂಜೆ ಒಂದೂವರೆ ಗಂಟೆ. ಮೊಬೈಲು ಒಂದು ಆಂಪಿಯರ್, ಒಂದು ಗಂಟೆ. ಎಲ್ಲ ಸೇರಿ ದಿನಕ್ಕೆ ಹತ್ತಿರ ಹತ್ತಿರ 4.7 ಆಂಪಿಯರ್ ಅವರ್. ವಾರಕ್ಕೆ ಎರಡು ದಿನ ಅಂದರೆ 9.4, ಮೂರು ವಾರಕ್ಕೆ 28. ಇರುವುದೇ 35. ಸ್ಟಾರ್ಟರ್ ನೂರು ಆಂಪಿಯರ್ ಎಳೆದರೂ ಎಳೆಯುವುದು ಎರಡು ಸೆಕೆಂಡು, ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಬ್ಯಾಟರಿ ತನ್ನ ಪಾಡಿಗೆ ತಾನು ಸರಿಯಾಗೇ ಕೆಲಸ ಮಾಡಿ ಖಾಲಿಯಾಗಿತ್ತು. ಹೆಚ್ಚು ಕಡಿಮೆ ಏನೂ ವಾಪಸ್ ಬರುತ್ತಿರಲಿಲ್ಲ, ಅಷ್ಟೇ.

ಜನವರಿ ಮಧ್ಯದಲ್ಲಿ ನನ್ನನ್ನು ಕರೆದರು. ದೋಣಿಯನ್ನು ದಡಕ್ಕೆ ಕಟ್ಟಿ, ನೀರಲ್ಲೇ ಇಟ್ಟು, ನ್ಯೂಟ್ರಲ್‌ನಲ್ಲಿ ಇಂಜಿನ್ ಓಡಿಸಿದೆವು. ಔಟ್‌ಬೋರ್ಡನ್ನು ನೀರಿಲ್ಲದೆ ಒಂದು ನಿಮಿಷವೂ ಓಡಿಸಬಾರದು, ತಂಪು ಮಾಡುವ ಪಂಪಿನ ರಬ್ಬರ್ ಇಂಪೆಲ್ಲರ್ ಸುಟ್ಟುಹೋಗುತ್ತದೆ. ಹಿಂದಿನ ತೂತಿನಿಂದ ನೀರಿನ ಎಳೆ ಚಿಮ್ಮುತ್ತಿದೆಯಾ ನೋಡಿಕೊಂಡೇ ಮುಂದಿನ ಕೆಲಸ. ಮೇಲಿನ ಮುಚ್ಚಳ ತೆಗೆದಾಗ ಫ್ಲೈವೀಲ್ ಕಣ್ಣೆದುರೇ ತಿರುಗುತ್ತಿರುತ್ತದೆ. ಹೆಗಲ ಮೇಲಿನ ಟವೆಲ್ಲು ಮೊದಲು ತೆಗೆದಿಡಬೇಕು.

ಬ್ಯಾಟರಿ ಸುಮ್ಮನಿದ್ದಾಗ 12.3 ವೋಲ್ಟ್. ತುಂಬಿದ ಬ್ಯಾಟರಿಯಾದರೆ 12.6, 12.7 ಇರಬೇಕಿತ್ತು. ಇಂಜಿನ್ ಓಡಿಸಿ 2000 ಆರ್‌ಪಿಎಂ ಹತ್ತಿರ ಹಿಡಿದರೂ 12.5 ದಾಟಲಿಲ್ಲ. ಚಾರ್ಜ್ ಸರಿಯಾಗಿ ಆಗುತ್ತಿದ್ದರೆ 13.5ರಿಂದ 14.5ರ ಒಳಗೆ ಎಲ್ಲೋ ನಿಲ್ಲಬೇಕು. ಚಾರ್ಜಿಂಗ್ ಇಲ್ಲ ಅನ್ನುವುದು ಖಾತ್ರಿಯಾಯಿತು.

ಕಾಯಿಲ್ ನೋಡಿದೆ. ಇಂಜಿನ್ ನಿಲ್ಲಿಸಿ, ಕಾಯಿಲ್‌ನ ಎರಡು ವೈರನ್ನು ಆರ್‌ಆರ್‌ನಿಂದ ಬಿಚ್ಚಿ, ಓಮ್ಸ್‌ನಲ್ಲಿ ಅಳೆದರೆ ಒಂದು ಓಮಿಗಿಂತ ಕಡಿಮೆ. ಯಾವ ವೈರೂ ಅರ್ತ್‌ಗೆ, ಅಂದರೆ ಇಂಜಿನ್ನಿನ ಮೈಗೆ, ತಗುಲಿರಲಿಲ್ಲ. ಮತ್ತೆ ಸ್ಟಾರ್ಟ್ ಮಾಡಿ ಎಸಿ ವೋಲ್ಟೇಜ್ ನೋಡಿದರೆ ಐಡ್ಲಿಂಗ್‌ನಲ್ಲಿ 13, ಎಕ್ಸಲರೇಟರ್ ಕೊಟ್ಟಂತೆ ಇಪ್ಪತ್ತರ ಮೇಲೆ ನೀಟಾಗಿ ಏರಿತು. ಈ ಅಂಕಿಗಳು ಇಂಜಿನ್ನಿಂದ ಇಂಜಿನ್ನಿಗೆ ಬೇರೆ ಇರುತ್ತವೆ. ಆದರೆ ವೇಗದ ಜೊತೆ ಏರುವುದು ಎಲ್ಲದಕ್ಕೂ ಒಂದೇ. ಕಾಯಿಲ್ ಪಾಸು.

ಆಮೇಲೆ ಫ್ಯೂಸು. ಕಂಪನಿಯ ಫ್ಯೂಸ್ ಹೋಲ್ಡರ್ ಅಲ್ಲಿರಲಿಲ್ಲ. ಹಿಂದೆ ಯಾರೋ ಅದನ್ನು ತೆಗೆದು, ಹಳೇ ಬೈಕಲ್ಲಿ ಬರುತ್ತಿತ್ತಲ್ಲ, ಗಾಜಿನ ಫ್ಯೂಸು ಕೂರುವ ಉದ್ದನೆಯ ಕರಿ ಪ್ಲಾಸ್ಟಿಕ್ ಕೊಳವೆ, ಅದನ್ನು ಸೇರಿಸಿದ್ದರು. ಫ್ಯೂಸಿನೊಳಗಿನ ತಂತಿ ಹಾಗೇ ಇತ್ತು. ಮೀಟರನ್ನು ಬೀಪ್‌ಗೆ ಹಾಕಿ (ದಾರಿ ಕಡಿದಿಲ್ಲದಿದ್ದರೆ ಅದು ಕೂಗುತ್ತದೆ) ಆ ತುದಿ ಈ ತುದಿ ಹಿಡಿದೆ. ಬೀಪ್ ಬಂತು. ಆರ್‌ಆರ್‌ನಿಂದ ಬ್ಯಾಟರಿವರೆಗೆ ಹಿಡಿದೆ, ಅದೂ ಬೀಪ್.

ಕಾಯಿಲ್ ಸರಿ, ವೈರ್ ಸರಿ, ಉಳಿದದ್ದು ಆರ್‌ಆರ್. ಬದಲಾಯಿಸಿ ಅಂತ ಹೇಳಿಬಂದೆ.

ಮೊದಲ ತಪ್ಪು ತಿರುವು ಇದೇ. ತರ್ಕ ಸರಿಯಾಗೇ ಇತ್ತು. ಒಂದೊಂದೇ ತೆಗೆದುಹಾಕುತ್ತಾ ಬಂದರೆ ಕೊನೆಗೆ ಉಳಿದದ್ದೇ ಕಳ್ಳ, ಅಲ್ವಾ? ಆದರೆ ‘ವೈರ್ ಸರಿ’ ಅನ್ನುವುದನ್ನು ನಾನು ಬೀಪ್ ನಂಬಿ ತೀರ್ಮಾನಿಸಿದ್ದೆ. ಬೀಪ್ ಹೊಡೆಯುವಾಗ ಮೀಟರ್ ವೈರಿನಲ್ಲಿ ಹರಿಸುವುದು ಮಿಲಿಆಂಪಿಯರ್ ಲೆಕ್ಕದ ಕರೆಂಟು. ಕೆಲವು ಓಮ್ ಅಡ್ಡಿ ಇದ್ದರೂ ಅದು ಕೂಗುತ್ತದೆ. ಆರ್‌ಆರ್‌ನ ಔಟ್‌ಪುಟ್ ವೈರಲ್ಲಿ ಇಂಜಿನ್ ಓಡುವಾಗ ಎಷ್ಟು ವೋಲ್ಟ್ ಇದೆ ಅಂತ ನಾನು ಅವತ್ತು ನೋಡಲಿಲ್ಲ. ಕನೆಕ್ಟರ್ ಬ್ರಾಕೆಟ್ಟಿನ ಹಿಂದೆ ಕೂತಿತ್ತು, ಅಲ್ಲಿಗೆ ಮೀಟರಿನ ಕಡ್ಡಿ ತಲುಪಿಸಲು ಎರಡು ಬೋಲ್ಟ್ ಬಿಚ್ಚಬೇಕಿತ್ತು. ಆ ಎರಡು ಬೋಲ್ಟ್ ಬಿಚ್ಚಿದ್ದರೆ ಕೇಸು ಅವತ್ತೇ ಮುಗಿಯುತ್ತಿತ್ತು. ಮಾಲೀಕರಿಗೆ ಒಂದು ಆರ್‌ಆರ್ ದುಡ್ಡೂ ಉಳಿಯುತ್ತಿತ್ತು.

ಹುಡುಗ ಅವತ್ತು ಎರಡು ವಿಷಯ ಹೇಳಿದ್ದ. ಒಂದು, ಒಂದೊಂದು ಸಲ ಬ್ಯಾಟರಿ ಚೆನ್ನಾಗಿದ್ದರೂ ಬಟನ್ ಎರಡು ಮೂರು ಸಲ ಒತ್ತಬೇಕು. ಇನ್ನೊಂದು, ಸ್ಟಾರ್ಟರ್ ತಿರುಗಿದರೆ ಮಾತ್ರ ಭರ್ಜರಿಯಾಗಿ ತಿರುಗುತ್ತದೆ. ನಾನು ಕೇಳಿಸಿಕೊಂಡೆ, ಬರೆದುಕೊಳ್ಳಲಿಲ್ಲ. ಈ ಎರಡನ್ನೂ ಜೋಡಿಸಿದರೆ ಉತ್ತರ ಅಲ್ಲೇ ಇತ್ತು. ಭರ್ಜರಿಯಾಗಿ ತಿರುಗುತ್ತದೆ ಅಂದರೆ ದಪ್ಪ ಕೇಬಲ್ಲು, ಬ್ಯಾಟರಿ ಟರ್ಮಿನಲ್ಲು ಎಲ್ಲ ಗಟ್ಟಿ. ನೂರು ಆಂಪಿಯರ್ ದಾಟಿಸುವ ದಾರಿ ಐದಾರು ಆಂಪಿಯರ್‌ಗೆ ತಕರಾರು ಮಾಡುವುದಿಲ್ಲ. ಬಟನ್‌ಗೆ ಕರೆಂಟು ಹೋಗುವುದು ಮಾತ್ರ ಆ ಗಾಜಿನ ಫ್ಯೂಸಿನ ಮೂಲಕವೇ. ಬಟನ್ ತಕರಾರು ಮಾಡುತ್ತಿದೆ, ಸ್ಟಾರ್ಟರ್ ಮಾಡುತ್ತಿಲ್ಲ. ಹಾಗಿದ್ದರೆ ಅಡ್ಡಿ ಇರುವುದು ಸಣ್ಣ ವೈರಿನ ದಾರಿಯಲ್ಲಿ.

ಹೊಸ ಆರ್‌ಆರ್ ಬಂತು, ಹಾಕಿದರು. ಬ್ಯಾಟರಿಯಲ್ಲಿ ಅದೇ 12.5.

ಇದರ ಮಧ್ಯೆ ಊರಿನ ಒಬ್ಬರು ಬಂದು, ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಕೇಬಲ್ ಕಿತ್ತು ನೋಡು, ಲೈಟ್ ಉರಿಯುತ್ತಾ ಇದ್ದರೆ ಚಾರ್ಜಿಂಗ್ ಸರಿ ಇದೆ ಅಂತ, ಎಂದು ಹುಡುಗನಿಗೆ ಹೇಳಿದರಂತೆ. ಹಳೇ ಟ್ರ್ಯಾಕ್ಟರ್ ಡೈನಮೋ ಕಾಲದ ಅಭ್ಯಾಸ ಅದು. ಅವನು ಮಾಡುವ ಮೊದಲು ನನಗೆ ಫೋನ್ ಮಾಡಿದ, ಸದ್ಯ. ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಬ್ಯಾಟರಿ ಸಡನ್ನಾಗಿ ದಾರಿಯಿಂದ ಹೋದರೆ ವೋಲ್ಟೇಜ್ ಒಮ್ಮೆಲೇ ಮೇಲಕ್ಕೆ ಹಾರುತ್ತದೆ, ಚೆನ್ನಾಗಿರುವ ಆರ್‌ಆರ್ ಕೂಡ ಸುಟ್ಟುಹೋಗಬಹುದು. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಗ್ಯಾಸ್ ಬರುತ್ತಿರುತ್ತದೆ, ಅದರ ಪಕ್ಕದಲ್ಲೇ ಕಿಡಿ ಹಾರಿಸುವುದು ಬೇರೆ.

ಫೆಬ್ರವರಿಯಲ್ಲಿ ಕರಾವಳಿಯ ಔಟ್‌ಬೋರ್ಡ್ ಮೆಕ್ಯಾನಿಕ್ ಒಬ್ಬರು ಬೇರೆ ಕೆಲಸಕ್ಕೆ ಈ ಕಡೆ ಬಂದವರು ಇದನ್ನೂ ನೋಡಿದರು. ನೋಡಿ, ಚಾರ್ಜಿಂಗ್ ಪರ್ಫೆಕ್ಟ್ ಇದೆ, ನಿಮ್ಮ ಬ್ಯಾಟರಿಯದ್ದೇ ತೊಂದರೆ ಅಂದರು. ಮಾಲೀಕರಿಗೆ ಸಿಟ್ಟು ಬಂತು. ಬ್ಯಾಟರಿಗೆ ಇನ್ನೂ ಎರಡು ತಿಂಗಳೂ ಆಗಿರಲಿಲ್ಲ. ಹುಡುಗ ಮೀಟರ್ ಹಿಡಿದು 12.5 ತೋರಿಸಿದ. ಮೆಕ್ಯಾನಿಕ್ ತಮ್ಮ ಮೀಟರ್ ಹಿಡಿದು 14.5 ತೋರಿಸಿದರು. ನಿನ್ನ ಮೀಟರ್ ಸರಿ ಇಲ್ಲ ಅಂದರು. ಎರಡೂ ಫೋಟೋ ವಾಟ್ಸಾಪಲ್ಲಿ ನನಗೆ ಬಂತು, ಯಾರದು ಸರಿ ಅಂತ ಪ್ರಶ್ನೆ ಸಮೇತ.

ರಾತ್ರಿ ಊಟ ಆದಮೇಲೆ ಎರಡೂ ಫೋಟೋ ದೊಡ್ಡದು ಮಾಡಿ ನೋಡಿದೆ. ಮೆಕ್ಯಾನಿಕ್ಕಿನ ಫೋಟೋದಲ್ಲಿ ಕೆಂಪು ಕಡ್ಡಿ ಆರ್‌ಆರ್‌ನ ಕೆಂಪು ವೈರಿನ ಕನೆಕ್ಟರ್ ಹಿಂದೆ ಚುಚ್ಚಿತ್ತು, ಕಪ್ಪು ಕಡ್ಡಿ ಆರ್‌ಆರ್‌ನ ಮೈಗೇ ಒತ್ತಿತ್ತು. ಹುಡುಗನ ಫೋಟೋದಲ್ಲಿ ಎರಡೂ ಕಡ್ಡಿ ಬ್ಯಾಟರಿಯ ಮೇಲೆ. ಇಬ್ಬರೂ ಅಳೆದದ್ದು ಬೇರೆ ಬೇರೆ ಜಾಗ. ಇಬ್ಬರೂ ಸರಿಯೇ ಆಗಿದ್ದರೆ? ಆಗ 14.5ರಲ್ಲಿ 12.5 ಕಳೆದರೆ ಉಳಿಯುವ 2 ವೋಲ್ಟು ಈ ಎರಡು ಜಾಗದ ಮಧ್ಯೆ ಎಲ್ಲೋ ಬಿದ್ದುಹೋಗುತ್ತಿದೆ. ನಾವೆಲ್ಲ ಈ ತುದಿ ಇಲ್ಲವೇ ಆ ತುದಿ ಹಿಡಿದು ವಾದ ಮಾಡುತ್ತಿದ್ದೆವು. ನಡುವೆ ಯಾರೂ ಮೀಟರ್ ಇಟ್ಟಿರಲಿಲ್ಲ.

ಆರ್‌ಆರ್ ನೋಡುವುದು ತನ್ನ ಬಾಯಲ್ಲಿರುವ ವೋಲ್ಟೇಜನ್ನು ಮಾತ್ರ. ಅಲ್ಲಿ 14.5 ಬಂದ ತಕ್ಷಣ ಬ್ಯಾಟರಿ ತುಂಬಿದೆ ಅಂದುಕೊಂಡು ಕೈ ಬಿಗಿ ಹಿಡಿಯುತ್ತದೆ. ಆ ಕಡೆ ಬ್ಯಾಟರಿ ಹಸಿದುಕೊಂಡೇ ಕೂತಿದೆ. ಹೊಸ ಆರ್‌ಆರ್ ಹಾಕಿದರೂ ಅದೂ ಇದನ್ನೇ ಮಾಡುತ್ತದೆ, ಮಾಡಿತು.

ಮುಂದಿನ ಮಂಗಳವಾರ ಹೋದೆ. ಆರ್‌ಆರ್ ಬ್ರಾಕೆಟ್ಟಿನ ಎರಡು ಬೋಲ್ಟ್ ಮೊದಲು ಸಡಿಲ ಮಾಡಿ ಕನೆಕ್ಟರ್ ಹೊರಗೆ ತಂದುಕೊಂಡೆ, ಬೋಲ್ಟ್ ವಾಪಸ್ ಬಿಗಿ ಮಾಡಿದೆ. ಮೀಟರ್ ಡಿಸಿ ವೋಲ್ಟ್‌ನಲ್ಲಿ. ಕೆಂಪು ಕಡ್ಡಿ ಆರ್‌ಆರ್‌ನ ಕೆಂಪು ವೈರಿಗೆ, ಕಪ್ಪು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬಕ್ಕೆ. ಕೇಬಲ್ಲಿನ ಕ್ಲ್ಯಾಂಪಿಗೆ ಹಿಡಿಯಬಾರದು, ಸೀಸದ ಕಂಬದ ಮೇಲೇ ಒತ್ತಬೇಕು, ಇಲ್ಲದಿದ್ದರೆ ಆ ಒಂದು ಜಾಯಿಂಟು ಅಳತೆಯಿಂದ ಹೊರಗೆ ಉಳಿಯುತ್ತದೆ. ಹೀಗೆ ಹಿಡಿದಾಗ ಮೀಟರ್ ತೋರಿಸುವುದು ದಾರಿಯಲ್ಲಿ ಎಷ್ಟು ಕಳೆದುಹೋಯಿತು ಅನ್ನುವುದನ್ನು. ಸರಿಯಾದ ವೈರಿಂಗ್ ಆದರೆ 0.2, 0.3ರ ಒಳಗೆ ಇರಬೇಕು.

ಸ್ಟಾರ್ಟ್ ಮಾಡಿದ ಕೂಡಲೇ ಬಂದದ್ದು 0.6. ಇಷ್ಟೇನಾ ಅನ್ನಿಸಿತು. ಆದರೆ ಫೋಟೋದಲ್ಲಿ 2 ವೋಲ್ಟ್ ಇತ್ತಲ್ಲ, ಹಾಗಾಗಿ ಬಿಡದೆ ಹಿಡಿದು ಕೂತೆ. ಹುಡುಗ 2000 ಆರ್‌ಪಿಎಂನಲ್ಲಿ ಕೈ ಕದಲಿಸದೆ ನಿಂತ. ಅಂಕಿ ನಿಧಾನವಾಗಿ ಏರತೊಡಗಿತು. 0.8. 1.1. ಹದಿನೈದು ನಿಮಿಷಕ್ಕೆ 1.72ಕ್ಕೆ ಬಂದು ನಿಂತಿತು. ಮೈನಸ್ ಕಡೆ, ಆರ್‌ಆರ್ ಮೈಯಿಂದ ಬ್ಯಾಟರಿಯ ಮೈನಸ್ ಕಂಬಕ್ಕೆ 0.28. ಎರಡೂ ಕೂಡಿಸಿದರೆ ಸರಿಯಾಗಿ 2.00. ಫೋಟೋದ ಲೆಕ್ಕ ತಾಳೆಯಾಯಿತು. ಅವತ್ತು ಅಲ್ಲಿ ಬೇರೇನೂ ಸಿಗದೇ ಹೋಗಿದ್ದರೂ, ಆ ಕೂಡಿಕೆ ಸರಿಬಂದದ್ದಕ್ಕೇ ನನಗೆ ನೆಮ್ಮದಿಯಾಗುತ್ತಿತ್ತು. ಏಕೆಂದರೆ ಇನ್ನು ಅಡಗಿಕೊಳ್ಳಲು ಜಾಗವೇ ಇರಲಿಲ್ಲ.

ಉಳಿದದ್ದು ಕಪ್ಪು ಕಡ್ಡಿಯನ್ನು ಬ್ಯಾಟರಿಯಿಂದ ಒಂದೊಂದೇ ಜಾಯಿಂಟು ಹಿಂದಕ್ಕೆ ತರುವ ಕೆಲಸ. ಫ್ಯೂಸ್ ಕೊಳವೆಯಿಂದ ಬ್ಯಾಟರಿವರೆಗೆ 0.02, ಅಂದರೆ ಏನೂ ಇಲ್ಲ. ಆರ್‌ಆರ್‌ನಿಂದ ಫ್ಯೂಸ್ ಕೊಳವೆವರೆಗೆ, ಮಧ್ಯೆ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಒಂದಿತ್ತು, ಅಲ್ಲಿ 0.29. ಫ್ಯೂಸ್ ಕೊಳವೆಯ ಆ ತುದಿಗೂ ಈ ತುದಿಗೂ 1.41. ವೈರಿನ ಸುತ್ತ ಹಿಡಿದು ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿದರೆ ಬ್ಯಾಟರಿಗೆ ಹೋಗುತ್ತಿದ್ದ ಕರೆಂಟು ಬರೀ 1.8 ಆಂಪಿಯರ್. ಇಂಜಿನ್ ನಿಲ್ಲಿಸಿ ಕೊಳವೆ ಮುಟ್ಟಿದೆ. ಕಾಫಿ ಲೋಟದಷ್ಟು ಬಿಸಿ.

ಬಿಚ್ಚಿದೆವು. ಗಾಜಿನ ಫ್ಯೂಸು ಹೊರಗೆ ಬಂತು, ಒಳಗಿನ ತಂತಿ ಈಗಲೂ ಇಡಿಯಾಗಿಯೇ ಇತ್ತು. ಅದರ ಒಂದು ಟೋಪಿ ಹೊಳೆಯುತ್ತಿತ್ತು, ಇನ್ನೊಂದು ಕಂದು ಬಣ್ಣಕ್ಕೆ ತಿರುಗಿತ್ತು. ಕೊಳವೆಯೊಳಗೆ ಫ್ಯೂಸನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಇರುತ್ತದಲ್ಲ, ಅದು ಹಸಿರು ಪುಡಿ ಹಿಡಿದು ಕುಗ್ಗಿ ಕೂತಿತ್ತು. ಬೆರಳಲ್ಲಿ ಒತ್ತಿದರೆ ವಾಪಸ್ ಎದ್ದು ಬರಲಿಲ್ಲ. ಪ್ಲಾಸ್ಟಿಕ್ಕಿನ ಆ ತುದಿ ಮೆತ್ತಗಾಗಿ ಸ್ವಲ್ಪ ಒಳಕ್ಕೆ ಜಗ್ಗಿತ್ತು. ಹಿನ್ನೀರಿನ ತೇವ ಮೊದಲು ಕಿಲುಬು ಹಿಡಿಸಿದೆ. ಕಿಲುಬಿನಿಂದ ಬಿಸಿ, ಬಿಸಿಯಿಂದ ಸ್ಪ್ರಿಂಗಿನ ಬಿಗಿ ಹೋಯಿತು. ಬಿಗಿ ಹೋದಂತೆ ಇನ್ನೂ ಬಿಸಿ. ತಣ್ಣಗಿದ್ದಾಗ ಬೀಪ್ ಹೊಡೆದು ಪಾಸಾಗುತ್ತಿತ್ತು, ಕಾದ ಮೇಲೆ ಕೈ ಕೊಡುತ್ತಿತ್ತು. ಜನವರಿಯಲ್ಲಿ ನಾನು ಬೀಪ್ ಹೊಡೆದದ್ದು ಇಂಜಿನ್ ನಿಂತು, ಮುಚ್ಚಳ ತೆಗೆದು, ತಣ್ಣನೆ ಗಾಳಿಯಲ್ಲಿ.

ಮೈನಸ್ ಕಡೆಯ 0.28 ಸುಲಭವಾಗಿ ಸಿಕ್ಕಿತು. ಆರ್‌ಆರ್‌ಗೆ ಅರ್ತ್ ಬರುವುದು ಅದನ್ನು ಕೂರಿಸಿದ ಬೋಲ್ಟಿನಿಂದಲೇ. ಬ್ರಾಕೆಟ್ಟಿಗೆ ಯಾವಾಗಲೋ ಪೇಂಟ್ ಹೊಡೆದಿದ್ದರು, ಆರ್‌ಆರ್ ಪೇಂಟಿನ ಮೇಲೆ ಕೂತಿತ್ತು.

ರಿಪೇರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಗಾಜಿನ ಫ್ಯೂಸ್ ಕೊಳವೆ, ತಿರುಚಿದ ಜಾಯಿಂಟು ಎರಡನ್ನೂ ಕತ್ತರಿಸಿ ಎಸೆದೆವು. ರಬ್ಬರ್ ಮುಚ್ಚಳ ಇರುವ ಬ್ಲೇಡ್ ಫ್ಯೂಸ್ ಹೋಲ್ಡರ್, ಮ್ಯಾನುಯಲ್ ಹೇಳುವ 20 ಆಂಪಿಯರ್ ಫ್ಯೂಸು, ಹೊಸ ವೈರು. ವೈರಿನ ತುದಿಯ ಲೋಹದ ಲಗ್‌ಗಳನ್ನು ಸರಿಯಾದ ಇಕ್ಕಳದಲ್ಲಿ ಒತ್ತಿ ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಕಾಯಿಸಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ಹಾಕಿದೆವು. ಬ್ರಾಕೆಟ್ಟಿನ ಪೇಂಟ್ ಕೆರೆದು, ನಕ್ಷತ್ರ ವಾಷರ್ ಹಾಕಿ ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿದೆವು. ಸಾಮಾನಿಗೆ ಖರ್ಚಾದದ್ದು ಮುನ್ನೂರು ರೂಪಾಯಿಯ ಒಳಗೆ.

ಮತ್ತೆ ಅದೇ ಅಳತೆ, ಅದೇ 2000 ಆರ್‌ಪಿಎಂ. ಈಗ ಬ್ಯಾಟರಿಗೆ 6.2 ಆಂಪಿಯರ್ ಹೋಗುತ್ತಿತ್ತು. ಪ್ಲಸ್, ಮೈನಸ್ ಎರಡೂ ಸೇರಿ ಕಳೆದುಹೋಗುತ್ತಿದ್ದದ್ದು 0.14 ವೋಲ್ಟ್. ಕರೆಂಟು ಮೂರು ಪಟ್ಟು ಜಾಸ್ತಿ ಆಗಿದೆ, ನಷ್ಟ ಹದಿನಾಲ್ಕರಲ್ಲಿ ಒಂದು ಪಾಲಿಗೆ ಇಳಿದಿದೆ. ಬ್ಯಾಟರಿ ಮೊದಲು 13.3 ತೋರಿಸಿತು, ಮುಕ್ಕಾಲು ಗಂಟೆಗೆ 14.3. ಆಮೇಲೆ ಹಳೇ ಆರ್‌ಆರ್ ಹಾಕಿ ನೋಡಿದೆವು. ಅದರಲ್ಲೂ 14.3 ಬಂತು. ನನ್ನ ಜನವರಿಯ ತೀರ್ಪು ತಪ್ಪು ಅನ್ನುವುದು ಅಲ್ಲಿಗೆ ಸಾಬೀತು. ಮಾಲೀಕರಿಗೆ ಹಾಗೇ ಹೇಳಿ, ಎರಡು ಸಲ ಬಂದ ಕೂಲಿ ತೆಗೆದುಕೊಳ್ಳಲಿಲ್ಲ.

ಒಂದು ವಿಷಯ ಮಾತ್ರ ರಿಪೇರಿಯಿಂದ ಬಗೆಹರಿಯುವಂಥದ್ದಲ್ಲ. 10 ಆಂಪಿಯರ್ ಅನ್ನುವುದು ಪೂರ್ತಿ ವೇಗದ ಮಾತು. ಜನ ಫೋಟೋ ತೆಗೆಯಲಿ ಅಂತ ದೋಣಿಯನ್ನು ಐಡ್ಲಿಂಗ್‌ನಲ್ಲಿ ತೇಲಿಸುತ್ತಾ ಕೂತರೆ ಕಾಯಿಲ್‌ನಿಂದ ಬರುವುದು ಎರಡು ಆಂಪಿಯರ್ ಚಿಲ್ಲರೆ. ಅದೇ ಹೊತ್ತಿಗೆ ಪಂಪು, ಲೈಟು, ಮೊಬೈಲು ಎಲ್ಲ ಹಾಕಿದರೆ ಬ್ಯಾಟರಿಯಿಂದಲೇ ಹೋಗುತ್ತದೆ. ಇದನ್ನು ಹುಡುಗನಿಗೆ ಬಿಡಿಸಿ ಹೇಳಿದೆ. ಈಗ ಅವನು ದಡ ಬಿಟ್ಟ ಮೇಲೆ ವೇಗದಲ್ಲಿ ಹೋಗುವಾಗ ಪಂಪ್ ಹಾಕುತ್ತಾನೆ, ನಿಂತಾಗ ಆರಿಸುತ್ತಾನೆ.

ಅವನಿಗೆ ಒಂದು ನೋಟ್‌ಬುಕ್ ಕೊಟ್ಟು ಬಂದಿದ್ದೆ. ಪ್ರತಿ ಶನಿವಾರ ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಬ್ಯಾಟರಿ ಎಷ್ಟು, ಭಾನುವಾರ ಸಂಜೆ ಇಂಜಿನ್ ಓಡುತ್ತಿರುವಾಗ ಎಷ್ಟು, ಎರಡೇ ಅಂಕಿ. ಮಾರ್ಚ್‌ನಿಂದ ಜುಲೈವರೆಗೆ ಶನಿವಾರದ ಅಂಕಿ 12.5ಕ್ಕಿಂತ ಕೆಳಗೆ ಬಂದಿಲ್ಲ. ಭಾನುವಾರದ್ದು ಒಂದು ವಾರ ಬಿಟ್ಟರೆ 14.1ರಿಂದ 14.4. ಬಟನ್ ಒಂದೇ ಒತ್ತಿಗೆ ಹಿಡಿಯುತ್ತದೆ. ಜೂನ್‌ನಲ್ಲಿ ಒಂದು ವಾರ 13.6 ಅಂತ ಬರೆದು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದಾನೆ. ಫೋನ್ ಮಾಡಿ ಕೇಳಿದರೆ, ಅವತ್ತು ಎರಡು ಲೈಟೂ ಉರಿಯುತ್ತಿದ್ದವು, ಇಂಜಿನ್ ಐಡ್ಲಿಂಗ್‌ನಲ್ಲಿತ್ತು ಅಂದ. ಅವನಿಗೇ ಕಾರಣ ಗೊತ್ತಾಗಿತ್ತು.

ಹಳೇ ಆರ್‌ಆರ್ ಒಂದು ಪ್ಲಾಸ್ಟಿಕ್ ಕವರಲ್ಲಿ ಸುತ್ತಿಕೊಂಡು ಸ್ಪೇರ್ ಆಗಿ ಟೂಲ್ ಬಾಕ್ಸಿನಲ್ಲಿದೆ, ಮೇಲೆ ‘ಚೆನ್ನಾಗಿದೆ, 14.3’ ಅಂತ ಮಾರ್ಕರಿನಲ್ಲಿ ಬರೆದಿದ್ದೇವೆ. ಒಂದು ಕೆಲಸ ಬಾಕಿ ಇದೆ. ಕಾಯಿಲ್‌ನ ಎಸಿ ಕನೆಕ್ಟರಿನ ಒಂದು ಪಿನ್ ಸ್ವಲ್ಪ ಕಂದು ಬಣ್ಣಕ್ಕೆ ತಿರುಗಿರುವುದು ಅವತ್ತೇ ಕಣ್ಣಿಗೆ ಬಿದ್ದಿತ್ತು. ಅಳೆದಾಗ ನಷ್ಟ ಏನೂ ಕಾಣಲಿಲ್ಲ, ಹಾಗಾಗಿ ಕ್ಲೀನ್ ಮಾಡಿ ಬಿಟ್ಟೆ. ಮಳೆ ಮುಗಿದು ನೀರು ಇಳಿದ ಮೇಲೆ ಹೋಗಿ, ಹದಿನೈದು ನಿಮಿಷ ಓಡಿಸಿ, ಬಿಸಿ ಇರುವಾಗಲೇ ಅದನ್ನು ಇನ್ನೊಮ್ಮೆ ಅಳೆಯಬೇಕು.